ಒಂದು ಸಮ ಕಡಿಮೆ

ಶಾಲೆಯಲ್ಲಿ ಸಮ ಎಂದರೆ ತಕ್ಕಡಿ.
ಈ ಕಡೆ ಎಷ್ಟೋ ಆ ಕಡೆ ಅಷ್ಟು,
ಮುಳ್ಳು ನಡುವೆ ನಿಲ್ಲಬೇಕು.
ಇಲ್ಲಿ ಸಮ ಎಂದರೆ
ಎಡಗಡೆಯ ಕೊಡವನ್ನು ಮೊದಲು ಬರಿದು ಮಾಡಿ
ಬಲಗಡೆಯದನ್ನು ಅದಕ್ಕೆ ಸುರಿಯುವುದು.
ಚೆಲ್ಲಿದ ನೀರಿನ ಲೆಕ್ಕ ಯಾರೂ ಕೇಳುವುದಿಲ್ಲ.

"ಬಲದಿಂದ ಎಡಕ್ಕಾ?" ಖಾಜಾಬನಿ ನಕ್ಕಳು,
"ಹಂಗಾದ್ರೆ ನಮ್ಮ ಅರಬ್ಬಿ ಓದಿನಂಗೇ ಬಿಡು."
ಹಲ್ಲಿನ ನಡುವೆ ದಾರ, ಬೆರಳಿಗೆ ನೀಲಿ.

ಕೌಲ್‌ಬಜಾರಿನ ಎರಡನೇ ಮಹಡಿ, ಹದಿನಾಲ್ಕು ಮಷಿನ್ನು,
ತಗಡಿನ ಕೆಳಗೆ ಏಪ್ರಿಲ್ಲು.
ಕಿಟಕಿಯಲ್ಲಿ ಕೋಟೆಗುಡ್ಡ
ರಾತ್ರಿ ಒಂಬತ್ತಾದರೂ ಕಾದ ಹೆಂಚು.
ನಾನು ಲೆಕ್ಕದವನು. ದಫ್ತರದಲ್ಲಿ ಬರೆಯುತ್ತಿದ್ದುದನ್ನು
ಮೊಬೈಲಿನಲ್ಲಿ ಕಾಣುವ ಹಾಗೆ ಮಾಡು ಎಂದಿದ್ದರು ಮಾಲೀಕ ಮಾಳೋದೆಯವರು.
ಮೋತಿ ಸರ್ಕಲ್ಲಿನ ಕ್ಲಾಸಿನಲ್ಲಿ ಮೂರು ತಿಂಗಳು
ಪಿಎಚ್‌ಪಿ ಕಲಿತಿದ್ದೆ. ಅದರಲ್ಲಿ
ಹೆಸರಿಟ್ಟದ್ದಕ್ಕೆಲ್ಲ ಮುಂದೊಂದು ಡಾಲರ್ ಗುರುತು;
ಪೀಸಿಗೆ ಮೂರೂವರೆ ರೂಪಾಯಿಯ ಹೆಂಗಸರ ಹೆಸರಿಗೂ
ಡಾಲರು.

ಮೊದಲ ಶನಿವಾರ
ಎರ್ರೆಮ್ಮ ಜಿಪ್ಪು ಕೂರಿಸಿದ್ದು ಬೆಳಿಗ್ಗೆ ನಲವತ್ತು,
ಊಟಕ್ಕೆ ಮುಂಚೆ ಮೂವತ್ತಾರು, ಸಂಜೆ ಹನ್ನೆರಡು.
ಪರದೆ ಹೇಳಿತು: ಹನ್ನೆರಡು.
"ಬೆಳಗಿಂದ ಕುಂತಿದ್ದು ಎಲ್ಲಿ ಹೋತು?"
ಹುಡುಕಿದೆ. ಪ್ರತಿ ಕಟ್ಟೂ ಬಂದಾಗ
ಹಿಂದಿನ ಕಟ್ಟನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂತಿತ್ತು,
ಸಿರುಗುಪ್ಪ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತ ಹಾಗೆ.
ಸಮದ ಎಡಕ್ಕೊಂದು ಕೂಡು ಚಿಹ್ನೆ ಇಟ್ಟೆ.
+=
ಜೇಬಿನ ಮೂಲೆ ಹರಿಯದಂತೆ ಹಾಕುವ ಗಟ್ಟಿ ಹೊಲಿಗೆಯಷ್ಟು.
ಎಂಬತ್ತೆಂಟು ಬಂತು.
ಎರ್ರೆಮ್ಮ ಬೆರಳು ಮಡಚಿ ಮತ್ತೊಮ್ಮೆ ಎಣಿಸಿದಳು,
ಕಂಪ್ಯೂಟರಿನ ಕಡೆ ನೋಡದೆ, ನನ್ನನ್ನೇ ನೋಡುತ್ತ.

ಷರಾ ಕಾಲಮ್ಮಿಗೆ ಚುಕ್ಕಿ-ಸಮ ಹಾಕಿದ್ದೆ,
ಒಂದು ಮಾತಿನ ಬಾಲಕ್ಕೆ ಇನ್ನೊಂದು ಮಾತು ಜೋಡಿಸಲು.
ನಡುವೆ ಜಾಗ ಬಿಡುವುದು ಮರೆತು, ವಾರದ ಕೊನೆಗೆ ಓದಿದರೆ:
ಸೂಜಿಮುರಿತುಕರೆಂಟಿಲ್ಲಮಗೂಗೆಜ್ವರಅರ್ಧದಿನ
ಉಸಿರು ತೆಗೆಯದೆ ಹೇಳಿದ ಹಾಗಿತ್ತು.
ಎರಡು ದಿನ ತಿದ್ದಲಿಲ್ಲ.

ಆಮೇಲೆ ಆ ಬುಧವಾರ.
ಒಳಗೆ ಬಂದವರು ಮಾಲೀಕರೇ? ಎಂದು ಕೇಳುವ ಒಂದು ಸಾಲು.
ಹೌದಾದರೆ ಎಲ್ಲ ಪುಟ, ಇಲ್ಲವಾದರೆ ಅವರವರದಷ್ಟೇ.
ಕೇಳಲು ಸಮ ಎರಡು ಬೇಕು. ನಾನು ಒಂದೇ ಇಟ್ಟಿದ್ದೆ.
ಒಂದೇ ಇಟ್ಟರೆ ಅದು ಕೇಳುತ್ತ ಕೂರುವುದಿಲ್ಲ,
ಮಾಡಿಯೇ ಬಿಡುತ್ತದೆ.
ಹನ್ನೊಂದರಿಂದ ಮೂರೂವರೆ ತನಕ
ಖಾಜಾಬನಿ ಮಾಲೀಕಳು. ಎರ್ರೆಮ್ಮ ಮಾಲೀಕಳು.
ಕಾಜ ಹಾಕುವ ಹುಡುಗ ಫಕೀರಪ್ಪ,
ತಿರುಗುವ ಕುರ್ಚಿಯ ಹತ್ತಿರ ಸುಳಿಯದವನು,
ಮಾಲೀಕ.

ವಗ್ಗರಣಿ ಮಿರ್ಚಿಯ ಎಣ್ಣೆಗೈಯಲ್ಲೇ
ಒಂದು ಫೋನಿನ ಸುತ್ತ ಆರು ತಲೆ.
ಮುಂಬೈಗೆ ಹೋದ ಒಂದು ಪ್ಯಾಂಟಿನ ದರ.
ಬಟ್ಟೆಗೆ ಇಷ್ಟು, ಮುಂಡರಗಿ ವಾಷಿಂಗಿಗೆ ಇಷ್ಟು, ಗುಂಡಿಗೆ ಇಷ್ಟು,
ಹೊಲಿಗೆಗೆ... ಅದು ಅವರಿಗೆ ಗೊತ್ತಿದ್ದದ್ದೇ.
ಉಳಿದದ್ದು ಇಷ್ಟು.
ಯಾರೂ ಮಾತಾಡಲಿಲ್ಲ. ಮಷಿನ್ನುಗಳು ಒಂದೊಂದಾಗಿ ಶುರುವಾದವು.

ಮೂರೂವರೆಗೆ ತಿದ್ದಿದೆ, ಸಮದ ಪಕ್ಕ ಇನ್ನೊಂದು ಸಮ.
ಎಲ್ಲರೂ ತಂತಮ್ಮ ಪುಟಕ್ಕೆ ಮರಳಿದರು.
ಕಂಡದ್ದನ್ನು ಕಾಣದ್ದು ಮಾಡುವ ಗುರುತು
ಮೂರು ತಿಂಗಳಲ್ಲಿ ಹೇಳಿಕೊಟ್ಟಿರಲಿಲ್ಲ.

"ಬೇಕಂತ್ಲೇ ಮಾಡಿದ್ಯೇನು?" ಮಾಳೋದೆಯವರು ಕೇಳಿದರು.
ಒಂದು ಸಮ ಕಡಿಮೆ ಬಿದ್ದಿತ್ತು ಸರ್, ಎಂದೆ.
ನಿಜ. ಆ ಬೆಳಿಗ್ಗೆ ಅದೇ ಸಾಲಿನ ಮೇಲೆ
ಕರ್ಸರ್ ಮಿನುಗಲು ಬಿಟ್ಟು
ಒಂದು ಪೂರ್ತಿ ಟೀ ಕುಡಿದಿದ್ದೂ ನಿಜ.

ಶನಿವಾರ ಆರು ಹೆಂಗಸರು ಅವರ ಮೇಜಿನ ಮುಂದೆ ನಿಂತರು.
ಅರ್ಧ ಗಂಟೆ. ಆಮೇಲೆ ನನಗೆ ಕೂಗು:
ಪೀಸಿಗೆ ಎಂಟಾಣೆ ಏರಿಸು, ಅಷ್ಟೇ.
ನಾಲ್ಕು ಎಂದು ಬರೆದರೆ ಮುಗಿಯುತ್ತಿತ್ತು.
ನಾನು ಬರೆದದ್ದು ಕೂಡು-ಸಮ ಎಂಟಾಣೆ,
ಒಮ್ಮೆ ಓಡಿಸಿ ತೆಗೆದುಬಿಡಬೇಕಾದ ಸಾಲು;
ಬಿಟ್ಟರೆ, ಓಡಿದಾಗಲೆಲ್ಲ
ಎಂಟಾಣೆ ಏರುತ್ತಲೇ ಹೋಗುತ್ತದೆ.
ಬೆನ್ನ ಹಿಂದಿನಿಂದ ಎರ್ರೆಮ್ಮ
ತನ್ನ ಕೂಡು ಚಿಹ್ನೆಯ ಗುರುತು ಹಿಡಿದಳು.
"ಅದು ಅಲ್ಲೇ ಇರ್ಲಿ," ಎಂದಳು,
"ಅಳಿಸಬ್ಯಾಡ."